ಹೊಳೆಮತ್ತಿಯ ದಾನ

ವರದೆಯು ಸಾಗರ ಸೀಮೆಯ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿಕೊಂಡು, ಹಾನಗಲ್ಲು ಹಾವೇರಿಗಳ ನಾಡಿನಲ್ಲಿ ಸುತ್ತಿ ಸುಳಿದು, ಕಟ್ಟಕಡೆಗೆ ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುವದು. ಆ ಸಂಗಮದ ದಂಡೆಯಲ್ಲಿ ಚಾಲುಕ್ಯರ ಕಾಲದ ಗಳಗೇಶ್ವರನ ದೇವಾಲಯವು ಅಗಲವಾದ ತಳಹದಿಯ ಮೇಲೆ ನಿಂತು, ನೂರಾರು ಮಳೆಗಾಲಗಳ ನೆರೆಯನ್ನು ಕಂಡಿರುವದು. ಹರಿಯುವ ನೀರಿನ ಮಗ್ಗುಲಲ್ಲಿ ಸ್ಥಿರವಾಗಿ ನಿಲ್ಲುವದಕ್ಕೆ ಮನುಷ್ಯನು ಕಂಡುಕೊಂಡ ಉಪಾಯವು ಅದು. ಅದೇ ಕಾರ್ಯಕ್ಕಾಗಿ ಪ್ರಕೃತಿಯು ಮೊದಲೇ ಕಂಡುಕೊಂಡಿದ್ದ ಉಪಾಯಗಳಲ್ಲಿ ಹೊಳೆಮತ್ತಿಯ ಮರವು ಒಂದು.

ಇದನ್ನು ಕೆಲವರು ತೊರೆಮತ್ತಿಯೆಂದೂ, ಮೈಬಣ್ಣವನ್ನು ನೋಡಿ ಬಿಳಿಮತ್ತಿಯೆಂದೂ ಕರೆಯುವರು. ಅಡವಿಯ ಕರಿಮತ್ತಿಯು ಇದರ ದಾಯಾದಿ. ಆದರೆ ಕರಿಮತ್ತಿಯ ತೊಗಟೆಯು ಮೊಸಳೆಯ ಬೆನ್ನಿನಂತೆ ಕಪ್ಪಾಗಿ ಬಿರುಕುಬಿಟ್ಟಿರುವಲ್ಲಿ, ಹೊಳೆಮತ್ತಿಯದು ನಯವಾಗಿ, ಬೂದಿಬಿಳುಪಿನಲ್ಲಿ ನಸುಗೆಂಪು ನಸುಹಸುರುಗಳು ಬೆರೆತು, ಹಳತಾದಂತೆ ಅಗಲವಾದ ಹಾಳೆಗಳಾಗಿ ತಾನೇ ಕಳಚಿ ಬೀಳುವದು. ಬುಡದಲ್ಲಿ ಗೋಡೆಗೆ ಕಟ್ಟಿದ ಆನಿಕೆಗಳಂತೆ ಬೇರುಗಳು ಉಬ್ಬಿ ನಿಂತಿರುವವು. ಎಲೆಯ ಬುಡದಲ್ಲಿ ತೊಟ್ಟಿನ ಮೇಲೆ ಸಾಸಿವೆಯಷ್ಟಿನ ಎರಡು ಗ್ರಂಥಿಗಳಿರುವವು; ಮರದ ಗುರುತು ಹಿಡಿಯಬೇಕೆನ್ನುವ ಹುಡುಗರಿಗೆ ಮೊದಲು ತೋರಿಸತಕ್ಕದ್ದು ಅದನ್ನೇ. ಕಾಯಿಯು ಕಟ್ಟಿಗೆಯಂತೆ ಗಟ್ಟಿ; ಅದಕ್ಕೆ ಉದ್ದುದ್ದಕ್ಕೆ ಐದು ರೆಕ್ಕೆಗಳು. ಕಾವೇರಿಯ ದಂಡೆಯಲ್ಲಿ ಮುತ್ತತ್ತಿ ಭೀಮೇಶ್ವರಿಗಳ ಕಡೆಗೆ ಹೋದವರು ಈ ಮರಗಳ ಸಾಲನ್ನು ಅದರ ಪೂರ್ಣವೈಭವದಲ್ಲಿ ನೋಡಿರಬಹುದು. ಹಾವೇರಿ ರಾಣೆಬೆನ್ನೂರುಗಳ ಕಡೆಯವರು ತಮ್ಮ ಹೊಳೆಯ ದಂಡೆಯಲ್ಲಿ ಅದನ್ನು ಹುಡುಕಿಕೊಂಡು ಹೋಗಬೇಕು.

ಅಮರಸಿಂಹನು ಇದಕ್ಕೆ ನದೀಸರ್ಜ, ವೀರತರು, ಇಂದ್ರದ್ರು, ಕಕುಭ, ಅರ್ಜುನ ಎಂದು ಐದು ಹೆಸರುಗಳನ್ನು ಕೊಟ್ಟಿರುವನು. ಅರ್ಜುನವೆಂದರೆ ಬಿಳುಪು. ವರಾಹಮಿಹಿರನು ಬೃಹತ್ಸಂಹಿತೆಯ ಉದಕಾರ್ಗಲಾಧ್ಯಾಯದಲ್ಲಿ ನೆಲದೊಳಗಿನ ನೀರಿನ ಕುರುಹುಗಳನ್ನು ಹೇಳುತ್ತ, ಅರ್ಜುನವೃಕ್ಷದ ಉತ್ತರಕ್ಕೆ ಹುತ್ತವಿದ್ದರೆ ಮರದಿಂದ ಪಶ್ಚಿಮಕ್ಕೆ ಮೂರು ಮೊಳದ ಮೇಲೆ ಮೂರೂವರೆ ಪುರುಷ ಆಳದಲ್ಲಿ ನೀರು ಸಿಕ್ಕುವದೆಂದು ಬರೆದಿರುವನು. ಇಂದಿನ ಭೂಗರ್ಭಶಾಸ್ತ್ರಜ್ಞರು ಈ ಅಳತೆಯನ್ನು ಒಪ್ಪುವರೋ ಬಿಡುವರೋ, ಈ ಮರವು ನೀರಿನ ನೆರೆಯನ್ನು ಬಿಟ್ಟು ಬಾಳಲೊಲ್ಲದೆಂಬ ಮಾತು ಮಾತ್ರ ಆ ಕಾಲಕ್ಕೇ ತಿಳಿದಿತ್ತು.

ಇಂಥ ಮರವನ್ನು ಮುಂದಿಟ್ಟುಕೊಂಡು ಒಂದು ಪ್ರಶ್ನೆಯನ್ನು ಕೇಳಬೇಕಾಗಿದೆ. ಮರಗಳು ಪರರಿಗಾಗಿಯೇ ಫಲಿಸುವವು, ಹೊಳೆಗಳು ಪರರಿಗಾಗಿಯೇ ಹರಿಯುವವು ಎಂಬ ಅರ್ಥದ ಸುಭಾಷಿತವನ್ನು ಕಲಿಯದೆ ಪಾಠಶಾಲೆಯಿಂದ ಹೊರಬಿದ್ದ ಹುಡುಗನಿಲ್ಲ. ಕನ್ನಡ ಸಾಲೆಯ ನೀತಿಪಾಠದಲ್ಲಿಯೂ ಮರವು ದಾನಿಗಳಲ್ಲಿ ಅಗ್ರಗಣ್ಯವೇ. ಈ ಹೊಗಳಿಕೆಯು ನಿಜವೋ? ಮರವು ಕೊಡುತ್ತಿರುವದೋ, ಮನುಷ್ಯನು ತೆಗೆದುಕೊಳ್ಳುತ್ತಿರುವನೋ? ಕೇಳಿದ ಕೂಡಲೆ ಇದು ಕೆಲಸವಿಲ್ಲದವರ ತರ್ಕವೆಂದು ತೋರಬಹುದು. ಆದರೆ ದಾನವೆಂಬ ಒಂದು ಮಾತಿನ ಆಸರೆಯಿಂದಲೇ ಅನೇಕ ದಂಡೆಗಳು ಬೋಳಾಗಿರುವದರಿಂದ ಆ ಮಾತನ್ನು ಒಂದು ಸಲ ತೂಗಿ ನೋಡುವದು ತಪ್ಪಲ್ಲ.

ಧರ್ಮಶಾಸ್ತ್ರಕಾರರು ದಾನದ ಲಕ್ಷಣವನ್ನು ಬಹಳ ಬಿಗಿಯಾಗಿ ಹೇಳಿರುವರು. ತನ್ನ ಸ್ವತ್ವವನ್ನು ನಿವೃತ್ತಿಗೊಳಿಸಿ ಪರನ ಸ್ವತ್ವವನ್ನು ಉಂಟುಮಾಡುವದು ದಾನ. ಕೊಡುವ ವಸ್ತುವು ಕೊಡುವವನದಾಗಿರಬೇಕು, ಕೊಡುವೆನೆಂಬ ಸಂಕಲ್ಪವಿರಬೇಕು, ಆ ಸಂಕಲ್ಪವು ಸ್ವತಂತ್ರವಾಗಿರಬೇಕು. ಅಂಜಿಕೆಯಲ್ಲಿ, ಸಿಟ್ಟಿನಲ್ಲಿ, ಶೋಕದಲ್ಲಿ ಕೊಟ್ಟದ್ದನ್ನು ನಾರದಸ್ಮೃತಿಯು ‘ಅದತ್ತ’ವೆಂದು, ಎಂದರೆ ಕೊಟ್ಟೂ ಕೊಡದ್ದೆಂದು ಎಣಿಸುವದು. ಹೀಗಿದ್ದ ಮೇಲೆ, ಬೇಡವೆನ್ನುವ ಶಕ್ತಿಯೇ ಇಲ್ಲದವರಿಂದ ಬಂದದ್ದು ದಾನವಾಗುವದು ಹೇಗೆ?

ಇದಕ್ಕೆ ಪೂರ್ವಪಕ್ಷಿಯು, ಮರವು ಜಡ, ಜಡಕ್ಕೆ ಸಂಕಲ್ಪವೇ ಇಲ್ಲವಾದ್ದರಿಂದ ಪ್ರಶ್ನೆಯೇ ಏಳದೆನ್ನುವನು. ಮರವು ಜಡವೆಂದು ಈ ದೇಶದ ಹಿರಿಯರು ಒಪ್ಪಿದಂತೆ ಕಾಣುವದಿಲ್ಲ. ಮನುವು ಸ್ಥಾವರಗಳಿಗೆ ಒಳಗಿನ ಅರಿವುಂಟು, ಸುಖದುಃಖಗಳುಂಟು ಎಂದಿರುವನು. ಮಹಾಭಾರತದ ಶಾಂತಿಪರ್ವದಲ್ಲಿ ಭರದ್ವಾಜನು, ಮರಗಳು ನೋಡವು ಕೇಳವು ಮೂಸವು ಎಂದು ವಾದಿಸಲು, ಭೃಗುವು ಒಂದೊಂದಾಗಿ ಉತ್ತರ ಕೊಡುವನು: ಬಿಸಿಲಿಗೆ ಎಲೆ ಬಾಡುವದರಿಂದ ಸ್ಪರ್ಶವುಂಟು, ಸಿಡಿಲಿನ ಸದ್ದಿಗೆ ಹೂಕಾಯಿ ಉದುರುವದರಿಂದ ಶ್ರವಣವುಂಟು, ಬಳ್ಳಿಯು ಆಸರೆಯನ್ನು ಹುಡುಕಿ ಸುತ್ತಿಕೊಳ್ಳುವದರಿಂದ ದೃಷ್ಟಿಯುಂಟು. ಅವನ ಯುಕ್ತಿಗಳೆಲ್ಲ ಇಂದು ನಿಲ್ಲಲಾರವು. ಆದರೂ ಸಸ್ಯದ ಚಲನವಲನಗಳನ್ನು ಕಣ್ಣಿಟ್ಟು ನೋಡಿ ಅದರ ಮೇಲಿಂದ ಊಹಿಸುವ ಆ ಕ್ರಮವನ್ನು ಜಗದೀಶಚಂದ್ರ ಬಸುಗಳೂ ಹಿಡಿದರು. ಭೃಗುವಿನ ಬಳಿಯಲ್ಲಿಲ್ಲದ ಸೂಕ್ಷ್ಮಯಂತ್ರವು ಅವರ ಬಳಿಯಲ್ಲಿತ್ತು, ಅಷ್ಟೆ. ಜೈನರು ವನಸ್ಪತಿಯನ್ನು ಏಕೇಂದ್ರಿಯ ಜೀವವೆಂದು ಎಣಿಸಿ, ಸ್ಪರ್ಶವೊಂದನ್ನು ಮಾತ್ರ ಕೊಟ್ಟರು. ಇವರಲ್ಲಿ ಯಾರ ಮಾತು ಸರಿಯೆಂಬದನ್ನು ಇಲ್ಲಿ ತೀರ್ಮಾನಿಸಬೇಕಾಗಿಲ್ಲ. ಮರವು ಜಡವಾದರೆ ಅದಕ್ಕೆ ದಾನಮಾಡುವ ಯೋಗ್ಯತೆಯಿಲ್ಲ. ಚೇತನವಾದರೆ ಅದರ ಅನುಮತಿಯನ್ನು ಯಾರೂ ಕೇಳಿಲ್ಲ. ಯಾವ ಪಕ್ಷವನ್ನು ಹಿಡಿದರೂ ದಾನವು ಸಿದ್ಧಿಸದು.

ಹಣ್ಣಿನ ವಿಷಯದಲ್ಲಿ ಒಂದು ವಿನಾಯಿತಿಯನ್ನು ಕೊಡಬಹುದು. ಅತ್ತಿ ನೇರಳೆಗಳು ಹಣ್ಣನ್ನು ಸಿಹಿಮಾಡಿ ತಾವೇ ಉದುರಿಸುವವು. ಹಕ್ಕಿಯು ತಿನ್ನಲಿ, ಬೀಜವನ್ನು ದೂರ ಒಯ್ಯಲಿ ಎಂಬ ವ್ಯವಸ್ಥೆಯು ಅದರೊಳಗಿರುವದರಿಂದ ಅದನ್ನು ದಾನವೆನ್ನದಿದ್ದರೂ ವಿನಿಮಯವೆನ್ನಬಹುದು. ಕನ್ನಡದ ನುಡಿಯೂ ಈ ಭೇದವನ್ನು ಬಲ್ಲದು. ಮರವು ಹೂ ಬಿಟ್ಟಿತು, ಕಾಯಿ ಬಿಟ್ಟಿತು, ಹಣ್ಣು ಬಿಟ್ಟಿತು ಎನ್ನುವರು. ತೊಗಟೆಯ ಮಾತು ಬಂದಾಗ ‘ಬಿಟ್ಟಿತು’ ಎನ್ನುವ ಕರ್ತೃವು ಮಾಯವಾಗಿ, ಮನುಷ್ಯನು ಸುಲಿದನು ಎಂಬ ಕ್ರಿಯೆಯು ಬರುವದು. ದಾರಿಗಳ್ಳರ ಕೆಲಸಕ್ಕೆ ಸುಲಿಗೆಯೆಂಬ ಹೆಸರು ಬಂದದ್ದೂ ಆ ಧಾತುವಿನಿಂದಲೇ. ನಿರಕ್ಷರನಾದ ಒಕ್ಕಲಿಗನ ಬಾಯಲ್ಲಿಯೂ ಇರುವ ಈ ವಿವೇಕವು ಸುಭಾಷಿತಕಾರನ ಶ್ಲೋಕದಲ್ಲಿ ಇಲ್ಲದೆ ಹೋದದ್ದು ಆಶ್ಚರ್ಯ.

ಭಾಗವತವನ್ನು ಶ್ರದ್ಧೆಯಿಂದ ಓದುವವರು ಇಲ್ಲಿ ಇನ್ನೊಂದು ಸಂಗತಿಯನ್ನು ನೆನೆಯಬಹುದು. ದಶಮಸ್ಕಂಧದ ಹತ್ತನೆಯ ಅಧ್ಯಾಯದಲ್ಲಿ ಯಮಳಾರ್ಜುನರ ಕಥೆಯು ಬರುವದು. ಕುಬೇರನ ಮಕ್ಕಳಾದ ನಲಕೂಬರ ಮಣಿಗ್ರೀವರು ಸಿರಿಯ ಸೊಕ್ಕಿನಿಂದ ಕುಡಿದು, ನಾರದರು ಬಂದರೂ ಎಚ್ಚರಗೊಳ್ಳದೆ ಬತ್ತಲೆಯಾಗಿಯೇ ನಿಂತದ್ದಕ್ಕಾಗಿ ಮರಗಳಾಗಿರೆಂದು ಶಪಿಸಲ್ಪಟ್ಟು, ಗೋಕುಲದಲ್ಲಿ ಎರಡು ಅರ್ಜುನವೃಕ್ಷಗಳಾಗಿ ನಿಂತರು. ಬಾಲಕೃಷ್ಣನು ಸೊಂಟಕ್ಕೆ ಕಟ್ಟಿದ ಒರಳನ್ನು ಎಳೆದುಕೊಂಡು ಅವುಗಳ ನಡುವೆ ನುಸುಳಲು ಮರಗಳು ಬುಡಸಹಿತ ಕಿತ್ತು ಬಿದ್ದು, ಅವರಿಗೆ ಶಾಪವಿಮೋಚನೆಯಾಯಿತು. ಅಲ್ಲಿ ಮರವಾಗುವದು ಶಿಕ್ಷೆ. ಅದೇ ಸ್ಕಂಧದ ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಅದೇ ಕೃಷ್ಣನು, ತುಸು ದೊಡ್ಡವನಾಗಿ, ಬೇಸಿಗೆಯ ಬಿಸಿಲಿನಲ್ಲಿ ಗೆಳೆಯರೊಡನೆ ನಡೆಯುತ್ತ ಮರಗಳನ್ನು ತೋರಿಸಿ ಇವುಗಳ ಜನ್ಮವೇ ಧನ್ಯವೆನ್ನುವನು. ಗಾಳಿ ಮಳೆ ಬಿಸಿಲು ಹಿಮಗಳನ್ನು ತಾವು ತಾಳಿ ನಮ್ಮನ್ನು ಕಾಯುವವು. ಎಲೆ ಹೂ ಹಣ್ಣು ನೆರಳು ಬೇರು ತೊಗಟೆ ಕಟ್ಟಿಗೆಗಳಿಂದ ಯಾಚಕರ ಬಯಕೆಯನ್ನು ಸಲಿಸುವವು ಎಂದು ಹೊಗಳುವನು. ತೊಗಟೆಯ ಹೆಸರು ಅಲ್ಲಿ ಸ್ಪಷ್ಟವಾಗಿಯೇ ಇರುವದು. ಅಲ್ಲಿ ಮರವಾಗುವದು ಸೌಭಾಗ್ಯ.

ಈ ಎರಡು ಅಧ್ಯಾಯಗಳು ಒಂದನ್ನೊಂದು ಬಡಿದಾಡುವವೇ? ಹಾಗೆ ತೋರುವದಿಲ್ಲ. ನಾರದರು ಶಪಿಸುವ ಮುಂಚೆ ಆಡುವ ಮಾತುಗಳೆಲ್ಲ ಧನಮದವನ್ನು ಕುರಿತವು. ನಾಳೆ ಬೂದಿಯಾಗುವ ಈ ದೇಹವನ್ನು ಅಜರಾಮರವೆಂದು ಬಗೆದು ಬೇರೆ ಪ್ರಾಣಿಗಳನ್ನು ಹಿಂಸಿಸುವವನಿಗೆ, ಹಿಂಸೆಗೆ ಗುರಿಯಾದವರ ಸ್ಥಿತಿಯು ಏನೆಂಬದು ಗೊತ್ತಾಗಬೇಕು; ಮುಳ್ಳು ಚುಚ್ಚಿಸಿಕೊಂಡವನಿಗೇ ಪರರ ನೋವು ತಿಳಿಯುವದು ಎಂಬದು ಅವರ ಆಶಯ. ಎಂದರೆ ಮರದ ಜನ್ಮವು ತೆಗೆದುಕೊಳ್ಳುವವನಿಗೆ ಕಲಿಸಿದ ಪಾಠ. ಇಪ್ಪತ್ತೆರಡನೆಯ ಅಧ್ಯಾಯದ ಹೊಗಳಿಕೆಯಾದರೂ, ನೀವು ಮರಗಳಂತೆ ಆಗಿರಿ ಎಂದು ಗೆಳೆಯರಿಗೆ ಹೇಳುವದಕ್ಕಾಗಿ ಬಂದದ್ದು. ಮರಗಳಿಂದ ಬೇಕಾದಷ್ಟು ಕಿತ್ತುಕೊಳ್ಳಿರಿ ಎಂದು ಅಪ್ಪಣೆ ಕೊಡುವದಕ್ಕಾಗಿ ಬಂದದ್ದಲ್ಲ. ಅದನ್ನು ಓದುವವರು ತಮ್ಮನ್ನು ಮರದ ಸ್ಥಾನದಲ್ಲಿ ಇಟ್ಟುಕೊಳ್ಳದೆ ಯಾಚಕನ ಸ್ಥಾನದಲ್ಲಿಯೇ ಇಟ್ಟುಕೊಂಡದ್ದರಿಂದ ಅರ್ಥವು ತಲೆಕೆಳಗಾಯಿತು. (ಕೃಷ್ಣನೇ ಅರ್ಜುನವೃಕ್ಷಗಳನ್ನು ಕಿತ್ತು ಮುಕ್ತಿಗೊಳಿಸಿದನಲ್ಲವೇ ಎಂದು ಗರಗಸದ ಗಿರಣಿಯವರು ಕೇಳಬಹುದು. ಒರಳನ್ನು ಸೊಂಟಕ್ಕೆ ಕಟ್ಟಿಕೊಂಡು ಬರಲಿ, ಆಮೇಲೆ ವಿಚಾರ ಮಾಡೋಣ.)

ಶಾಸ್ತ್ರವನ್ನು ಬಿಟ್ಟು ಮನೆಗೆ ಬರಬೇಕು. ಹೊಳೆಯ ಸಮೀಪದ ಊರಿನ ಒಬ್ಬ ಗೃಹಸ್ಥನನ್ನು ಭಾವಿಸಿಕೊಳ್ಳಬಹುದು. ಅವನ ತಾಯಿಗೆ ವಯಸ್ಸಾಗಿದೆ. ನಾಲ್ಕು ಹೆಜ್ಜೆ ನಡೆದರೆ ಎದೆ ಹಿಡಿಯುವದು. ಪಟ್ಟಣದ ಡಾಕ್ಟರರ ಗುಳಿಗೆಗಳೂ ನಡೆದಿವೆ, ಅವನ್ನು ಬಿಡತಕ್ಕದ್ದಲ್ಲ. ಅದರೊಡನೆ ತಾಯಿಯು ತನ್ನ ತವರಿನ ನೆನಪಿನಿಂದ ಹೊಳೆಮತ್ತಿಯ ತೊಗಟೆಯ ಹಾಲುಕಷಾಯವನ್ನು ಬಯಸುವಳು. ಬಯಕೆಯು ನಿರಾಧಾರವಾದದ್ದಲ್ಲ. ವಾಗ್ಭಟನ ಕಾಲದಿಂದಲೂ ಅರ್ಜುನದ ತೊಗಟೆಗೆ ಹೃದಯರೋಗದಲ್ಲಿ ಸ್ಥಾನವುಂಟು. ಚಕ್ರದತ್ತನು ಅದನ್ನು ಹಾಲಿನಲ್ಲಿ ಕುದಿಸಿ ಕೊಡುವ ಕ್ರಮವನ್ನು ಹೇಳಿರುವನು. ಇಂದಿನ ಸಂಶೋಧಕರೂ ಅದನ್ನು ಪರೀಕ್ಷಿಸುತ್ತಿರುವರು. ಮಗನು ಕುಡುಗೋಲನ್ನು ಹಿಡಿದು ದಂಡೆಗೆ ಹೋಗುವನು. ಅಲ್ಲಿರುವದು ಒಂದೇ ಮರ. ಅವನಿಗಿಂತ ಮೊದಲು ಬಂದವರು ಅದರ ಮೈಯನ್ನು ಕೈಗೆಟಕುವ ಎತ್ತರದವರೆಗೆ ಮುಕ್ಕಾಲು ಪಾಲು ಸುತ್ತಲೂ ಸುಲಿದಿರುವರು. ಉಳಿದದ್ದು ಒಂದು ಗೇಣಿನಷ್ಟು ಅಗಲದ ಪಟ್ಟಿ.

ಆ ಪಟ್ಟಿಯಲ್ಲಿ ಮರದ ಜೀವವಿದೆಯೆಂಬದು ಅಲಂಕಾರದ ಮಾತಲ್ಲ. ಎಲೆಯಲ್ಲಿ ಸಿದ್ಧವಾದ ಆಹಾರವು ಬೇರಿಗೆ ಇಳಿಯುವದು ತೊಗಟೆಯ ಒಳಪದರಿನಿಂದ. ಉದ್ದಕ್ಕೆ ಒಂದು ಕಡೆ ಎರಡು ಬೆರಳಗಲ ತೆಗೆದರೆ ಗಾಯವು ಅಂಚುಗಳಿಂದ ಮುಚ್ಚಿಕೊಳ್ಳುತ್ತ ಬರುವದು. ಸುತ್ತಲೂ ಬಳೆಯಂತೆ ತೆಗೆದರೆ ಮೇಲಿನ ಎಲೆಗಳು ಕೆಲವು ಕಾಲ ಹಸುರಾಗಿಯೇ ಇದ್ದು, ಕೆಳಗಿನ ಬೇರು ಉಪವಾಸದಿಂದ ಸಾಯುವದು. ಆಮೇಲೆ ಮರವು ನಿಂತಂತೆಯೇ ಒಣಗುವದು. ಮೊದಲು ಸುಲಿದವನೂ ನಡುವೆ ಸುಲಿದವನೂ ಕೊಲೆಗಾರರಲ್ಲ. ಪ್ರತಿಯೊಬ್ಬನೂ ತನ್ನ ಮನೆಯ ರೋಗಿಗಾಗಿ ಒಂದು ಹಿಡಿಯನ್ನು ಒಯ್ದವನೇ. ಈಗ ಬಂದಿರುವ ಮಗನು ಆ ಕಡೆಯ ಪಟ್ಟಿಯನ್ನು ತೆಗೆದರೆ ಮಾತ್ರ ಮರವು ಸಾಯುವದು. ತೆಗೆಯದೆ ಹೋದರೆ ತಾಯಿಯ ಮುಂದೆ ಬರಿಗೈಯಿಂದ ನಿಲ್ಲಬೇಕು. ಮೊದಲಿನವರ ಪಾಲಿನ ದೋಷವನ್ನು ಕಡೆಯವನ ತಲೆಗೆ ಕಟ್ಟುವದು ನ್ಯಾಯವೇ? ಕಡೆಯವನು, ಎಲ್ಲರೂ ಒಯ್ದರು ನಾನೂ ಒಯ್ಯುವೆನು ಎಂದರೆ ಅದು ನ್ಯಾಯವೇ? ಮರವು ದಾನಿಯೆಂಬ ಮಾತನ್ನು ನಂಬಿದವನಿಗೆ ಈ ಸಂಕಟವೇ ಹುಟ್ಟದು. ದಾನಿಯ ಬಳಿಗೆ ಎಷ್ಟು ಮಂದಿ ಹೋದರೂ ತಪ್ಪಿಲ್ಲ. ಕೊಡುವದು ಅವನ ಧರ್ಮ. ಆ ಮಾತಿನ ಅಪಾಯವು ಇಲ್ಲಿಯೇ ಇರುವದು.

ಹೊಳೆಯನ್ನೇ ಕಾಣದವನ ಗತಿಯೇನು? ಬ್ಯಾಡಗಿಯ ಪೇಟೆಗೆ ತುಂಗಭದ್ರೆಯು ದೂರ. ಅಲ್ಲಿಯ ಗೃಹಸ್ಥನು ತೊಗಟೆಯ ಪುಡಿಯ ಪೊಟ್ಟಣವನ್ನು ಅಂಗಡಿಯಿಂದ ಕೊಂಡು ತರುವನು. ಕುಡುಗೋಲನ್ನು ಮುಟ್ಟದ ಅವನಿಗೆ ದೋಷದ ಸೋಂಕಿಲ್ಲವೆನ್ನಬಹುದೇ? ಮನುವು ಮಾಂಸದ ಪ್ರಕರಣದಲ್ಲಿ ಅನುಮತಿ ಕೊಟ್ಟವನು, ಕತ್ತರಿಸಿದವನು, ಕೊಂದವನು, ಕೊಂಡವನು, ಮಾರಿದವನು, ಅಟ್ಟವನು, ಬಡಿಸಿದವನು, ಉಂಡವನು ಎಂದು ಎಂಟು ಮಂದಿಯನ್ನೂ ಘಾತಕರೆಂದು ಒಂದೇ ಸಾಲಿನಲ್ಲಿ ಕೂಡಿಸಿರುವನು. ಮರಕ್ಕೆ ಆ ಲೆಕ್ಕವನ್ನು ಅಷ್ಟು ಕಠಿಣವಾಗಿ ಹಚ್ಚಬೇಕಾಗಿಲ್ಲ. ಆದರೆ ಬ್ಯಾಡಗಿಯವರಿಗೆ ಮೂಲವನ್ನು ವಿಚಾರಿಸುವದು ಹೊಸ ವಿದ್ಯೆಯಲ್ಲ. ಮೆಣಸಿನಕಾಯಿಯನ್ನು ಅಂಗೈಯಲ್ಲಿ ಹಿಡಿದು, ಸುಕ್ಕನ್ನು ನೋಡಿ, ಬಣ್ಣವನ್ನು ನೋಡಿ, ಕಡ್ಡಿಯೋ ಡಬ್ಬಿಯೋ, ಎಂಥ ಹೊಲದ್ದು, ಈ ವರ್ಷದ್ದೋ ಶೈತ್ಯಗೃಹದಲ್ಲಿಟ್ಟ ಕಳೆದ ವರ್ಷದ್ದೋ ಎಂದು ಹೇಳಬಲ್ಲವರು ಆ ಪೇಟೆಯಲ್ಲಿರುವರು. ಒಣಗಿದ ತೊಗಟೆಯ ವಿಷಯದಲ್ಲಿ ಮಾತ್ರ ಅದು ಯಾವ ದಂಡೆಯದು, ಆ ಮರವು ಬದುಕಿದೆಯೋ ಇಲ್ಲವೋ ಎಂದು ಕೇಳಿದವರನ್ನು ಕಾಣೆವು.

ಈ ವಿಚಾರವು ಪೊಟ್ಟಣಕ್ಕೆ ನಿಲ್ಲುವದಿಲ್ಲ. ವಾಚಕರ ಕೈಯಲ್ಲಿರುವ ಈ ಮಾಸಪತ್ರಿಕೆಯ ಹಾಳೆಯೂ ಯಾವದೋ ಕಟ್ಟಿಗೆಯ ಅಥವಾ ಹುಲ್ಲಿನ ತಿರುಳೇ ಆಗಿರಬೇಕು. ರೇಶಿಮೆಯಂತೆ ಹೊಳೆಯುವ ರೇಯಾನ್ ಬಟ್ಟೆಯೂ ಕಟ್ಟಿಗೆಯ ತಿರುಳಿನಿಂದ ತೆಗೆದ ನೂಲು. ಈ ತಿರುಳಿನ ಕಥೆಯಲ್ಲಿ ಹಾವೇರಿ ಸೀಮೆಯ ಪಾಲು ದೊಡ್ಡದು.

ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ರೇಯಾನಿಗೆ ಬೇಕಾದ ತಿರುಳನ್ನು ಮಾಡುವ ಹರಿಹರ ಪಾಲಿಫೈಬರ್ಸ್ ಕಾರಖಾನೆಯು 1970ರ ದಶಕದಲ್ಲಿ ಕೆಲಸಕ್ಕೆ ತೊಡಗಿತು. 1984ರಲ್ಲಿ ರಾಜ್ಯ ಸರಕಾರವೂ ಆ ಸಂಸ್ಥೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ನಿಯಮಿತವೆಂಬ ಹೊಸ ಸಂಸ್ಥೆಯನ್ನು ಹುಟ್ಟಿಸಿ, ನೀಲಗಿರಿ ಮೊದಲಾದ ಮರಗಳನ್ನು ಬೆಳೆಯುವದಕ್ಕಾಗಿ ಅಂದಿನ ಧಾರವಾಡ, ಶಿವಮೊಗ್ಗ ಮೊದಲಾದ ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರುಗಳ ಸರಕಾರಿ ಭೂಮಿಯನ್ನು ಅದಕ್ಕೆ ಕೊಡುವ ಏರ್ಪಾಡಾಯಿತು. ಆ ಭೂಮಿಯ ಬಹುಭಾಗವು ಹಳ್ಳಿಯ ದನಕರುಗಳು ಮೇಯುವ, ಬಡವರು ಪುಳ್ಳೆಸೌದೆ ಆಯುವ ಗಾಯರಾಣ ಮತ್ತು ಕುರುಚಲ ಕಾಡು. ಸರಕಾರದ ದಫ್ತರದಲ್ಲಿ ಅದು ಸರಕಾರದ್ದು. ಆದಕಾರಣ ಕೊಡುವ ಅಧಿಕಾರವೂ ಸರಕಾರದ್ದೇ ಎಂಬದು ಅಂದಿನ ವಾದ.

ಈ ವಾದವನ್ನು ಓದಿದ ಮೀಮಾಂಸಕನಿಗೆ ವಿಶ್ವಜಿತ್ ಯಾಗದ ಅಧಿಕರಣವು ನೆನಪಾಗದೆ ಇರದು. ವಿಶ್ವಜಿತ್ತಿನಲ್ಲಿ ಯಜಮಾನನು ತನ್ನ ಸರ್ವಸ್ವವನ್ನೂ ದಕ್ಷಿಣೆಯಾಗಿ ಕೊಡಬೇಕೆಂಬ ವಿಧಿಯಿರುವದು. ಯಜಮಾನನು ಚಕ್ರವರ್ತಿಯಾಗಿದ್ದರೆ ಭೂಮಿಯನ್ನೂ ಕೊಡಬೇಕೇ ಎಂಬ ಸಂಶಯವು ಹುಟ್ಟಲು, ಜೈಮಿನಿಯು ಕೊಡತಕ್ಕದ್ದಲ್ಲವೆಂದು ಸಿದ್ಧಾಂತ ಮಾಡುವನು. ಕಾರಣವೇನೆಂದರೆ ಭೂಮಿಯು ಎಲ್ಲರಿಗೂ ಸಮಾನವಾದದ್ದು. ರಾಜನು ಅದನ್ನು ಕಾಯುವವನು, ಕಾದದ್ದಕ್ಕೆ ಒಂದು ಪಾಲನ್ನು ಪಡೆಯುವವನು, ಒಡೆಯನಲ್ಲ. ತನ್ನದಲ್ಲದ್ದನ್ನು ಕೊಟ್ಟರೆ ಅದು ದಾನವಾಗದೆಂಬ ಮೇಲಿನ ಲಕ್ಷಣವೇ ಇಲ್ಲಿ ರಾಜನ ಕೈಯನ್ನೂ ಹಿಡಿಯಿತು. ಎರಡು ಸಾವಿರ ವರ್ಷಗಳ ಹಿಂದಿನ ಯಾಗವಿಚಾರವೊಂದು ಗಾಯರಾಣದ ದನ ಕಾಯುವವನ ಪರವಾಗಿ ವಕೀಲಿ ನಡಿಸುವದೆಂದು ಜೈಮಿನಿಯೂ ಬಗೆದಿರಲಿಕ್ಕಿಲ್ಲ.

ಹಳ್ಳಿಯವರು ಸೂತ್ರಭಾಷ್ಯಗಳನ್ನು ನೋಡಿದವರಲ್ಲ. ಆದರೂ ಅದೇ ತೀರ್ಮಾನಕ್ಕೆ ಬಂದರು. ಸಮಾಜ ಪರಿವರ್ತನ ಸಮುದಾಯದವರೂ, ಡಾ. ಶಿವರಾಮ ಕಾರಂತರೂ, ಇತರರೂ ಕೂಡಿ ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಿದರು. 1987ನೆಯ ನವೆಂಬರ 14ರಂದು ಹಾನಗಲ್ಲು ತಾಲೂಕಿನ ಕುಸನೂರಿನಲ್ಲಿ ಜನರು ನೆರೆದು, ನೀಲಗಿರಿಯ ಕೆಲವು ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಮನುಷ್ಯರಿಗೂ ದನಗಳಿಗೂ ಉಪಯೋಗವಾಗುವ ಗಿಡಗಳ ಸಸಿಗಳನ್ನು ಹಚ್ಚಿದರು. ‘ಕಿತ್ತಿಕೋ ಹಚ್ಚಿಕೋ’ ಎಂದು ಅದಕ್ಕೆ ಹೆಸರಾಯಿತು. ಕಿತ್ತದ್ದಕ್ಕಾಗಿ ಸೆರೆಯಾದವರೂ ಉಂಟು. 1991ರಲ್ಲಿ ಆ ಸಂಸ್ಥೆಯನ್ನು ಮುಚ್ಚಲಾಯಿತು. ಕುಸನೂರು ಈಗ, 1997ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆಯಲ್ಲಿರುವದು.

ಇಷ್ಟಾದ ಮೇಲೆ ನೀಲಗಿರಿಯನ್ನು ದುಷ್ಟವೃಕ್ಷವೆಂದು ಬೈಯುವದು ರೂಢಿಯಾಗಿದೆ. 2017ರಲ್ಲಿ ರಾಜ್ಯ ಸರಕಾರವು ಅದನ್ನು ನೆಡಬಾರದೆಂದೂ ಅಪ್ಪಣೆಯನ್ನು ಹೊರಡಿಸಿತು. ಬೈಗುಳಕ್ಕೆ ಮರವು ಪಾತ್ರವಲ್ಲ. ಆಸ್ಟ್ರೇಲಿಯ ಖಂಡದಲ್ಲಿ ನೀಲಗಿರಿಯ ಜಾತಿಗಳು ನೂರಾರು. ಅವುಗಳಲ್ಲಿ ಕೆಲವು ಅಲ್ಲಿಯ ಮರ್ರೆ ಮೊದಲಾದ ಹೊಳೆಗಳ ದಂಡೆಗಳನ್ನು ಹಿಡಿದುಕೊಂಡು, ನೆರೆಯಲ್ಲಿ ಮುಳುಗಿ, ಬರದಲ್ಲಿ ತಾಳಿ, ಹಕ್ಕಿಗಳಿಗೆ ಪೊಟರೆಯನ್ನು ಕೊಟ್ಟು ಶತಮಾನಗಳವರೆಗೆ ಬಾಳುವವು. ಅಲ್ಲಿ ಅವೇ ಹೊಳೆಮತ್ತಿಗಳು. ನಮ್ಮ ನೇರಳೆಯೂ ನೀಲಗಿರಿಯೂ ಒಂದೇ ಕುಲದವೆಂದು ಸಸ್ಯಶಾಸ್ತ್ರಜ್ಞರು ಹೇಳುವರು. ದಂಡೆಯ ಮರವನ್ನು ದಂಡೆಯಿಂದ ಬಿಡಿಸಿ, ಕಡಲನ್ನು ದಾಟಿಸಿ, ಹುಲ್ಲುಗಾವಲಿನಲ್ಲಿ ಸಾಲು ಸಾಲಾಗಿ ನಿಲ್ಲಿಸಿ, ಎಂಟು ಹತ್ತು ವರ್ಷಕ್ಕೊಮ್ಮೆ ಕಡಿಯುವದಕ್ಕಾಗಿಯೇ ಬೆಳೆಸಿದ ಮೇಲೆ ಅದು ನೀರನ್ನು ಹೀರಿತೆಂದು ದೂರುವದು, ಎತ್ತನ್ನು ಗಾಣಕ್ಕೆ ಕಟ್ಟಿ ಅದು ಸುತ್ತುತ್ತಲೇ ಇದೆಯೆಂದು ದೂರಿದಂತೆ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಸ್ಥಾಪಿತವಾದ, 119 ಚದರ ಕಿಲೋಮೀಟರುಗಳ ಕೃಷ್ಣಮೃಗಧಾಮದಲ್ಲಿಯೂ ಇಂಥ ನೀಲಗಿರಿಯ ತೋಪುಗಳಿರುವವು. ಕೃಷ್ಣಮೃಗವು ಬಯಲಿನ ಪ್ರಾಣಿ. ಬಯಲಿನಲ್ಲಿ ಮರವನ್ನು ಹಚ್ಚುವದೂ ಒಂದು ಬಗೆಯ ಕಸಿಯುವಿಕೆಯೇ ಎಂಬದನ್ನು ಅದು ಬಾಯಿಬಿಟ್ಟು ಹೇಳಲಾರದು. ಮರವಾದ್ದರಿಂದ ಒಳ್ಳೆಯದು ಎಂಬ ಮಾತೂ ಮರವು ದಾನಿ ಎಂಬ ಮಾತಿನ ತಂಗಿಯೇ.

ಹಾಗಾದರೆ ಕಾಯಿಲೆಯ ತಾಯಿಗೆ ತೊಗಟೆಯೇ ಬೇಡವೇ? ಮಂದಿಗೆ ತೊಲೆಯೂ ಬೇಡ, ಬಂಡಿಯೂ ಬೇಡ, ಹಾಳೆಯೂ ಬೇಡವೇ? ಶಾಸ್ತ್ರಕಾರರು ಅಷ್ಟು ದೂರ ಹೋಗಿಲ್ಲ. ಹಣ್ಣಿನ ಮರವನ್ನು ಕಡಿದವನಿಗೆ ಮನುವು ನೂರು ಋಕ್ಕುಗಳ ಜಪವನ್ನು ಪ್ರಾಯಶ್ಚಿತ್ತವಾಗಿ ವಿಧಿಸಿದನು. ಜನರ ಜೀವನಕ್ಕೆ ಆಧಾರವಾದ ಮರದ ಕೊಂಬೆಯನ್ನು ಕಡಿದರೆ 20 ಪಣ, ಬೊಡ್ಡೆಯನ್ನು ಕಡಿದರೆ ಅದರ ಇಮ್ಮಡಿ, ಬುಡಸಹಿತ ತೆಗೆದರೆ ಅದಕ್ಕೂ ಇಮ್ಮಡಿ ಎಂದು ಯಾಜ್ಞವಲ್ಕ್ಯನು ದಂಡವನ್ನು ಹೇಳಿದನು; ಆ ಸ್ಮೃತಿಗೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿದ್ದವನು, ಈ ನಾಡಿನವನೇ. ವರಾಹಮಿಹಿರನಂತೂ ದೇವರ ಮೂರ್ತಿಗಾಗಿ ಮರವನ್ನು ಕಡಿಯುವಾಗಲೂ ಹಿಂದಿನ ರಾತ್ರಿ ಅದಕ್ಕೆ ಬಲಿಯನ್ನಿಟ್ಟು, ಅಲ್ಲಿ ವಾಸಿಸುವ ಭೂತಗಳಿಗೆ ಬೇರೆ ಬಿಡಾರವನ್ನು ನೋಡಿಕೊಳ್ಳಿರೆಂದು ವಿನಂತಿಸಬೇಕೆನ್ನುವನು. ಕಡಿಯಬೇಡವೆಂದು ಇವರಲ್ಲಿ ಯಾರೂ ಹೇಳಲಿಲ್ಲ. ಕಡಿದದ್ದನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ಎಲ್ಲರೂ ಹೇಳಿದರು. ದಾನವಾಗಿದ್ದರೆ ಲೆಕ್ಕವೇಕೆ? ಆದಕಾರಣ ಇದಕ್ಕೆ ಒಪ್ಪುವ ಹೆಸರು ಋಣವೆಂಬದೇ. ದಾನವು ತೆಗೆದುಕೊಂಡ ಕ್ಷಣಕ್ಕೆ ಮುಗಿಯುವದು. ಋಣವು ತೆಗೆದುಕೊಂಡ ಕ್ಷಣದಿಂದ ಮೊದಲಾಗುವದು.

ಇದಕ್ಕೂ ಒಂದು ಬಲವಾದ ಆಕ್ಷೇಪವಿರುವದು. ಕೊಡುವವನ ಒಪ್ಪಿಗೆಯಿಲ್ಲದೆ ದಾನವಾಗದಿದ್ದರೆ ಸಾಲವೂ ಆಗದು. ಕೇಳದೆ ಒಯ್ದವನು ಆಮೇಲೆ ತಂದಿಟ್ಟರೂ ಒಯ್ಯುವಾಗ ಕಳ್ಳನೇ ಆಗಿದ್ದನಲ್ಲವೇ? ಈ ಆಕ್ಷೇಪಕ್ಕೆ ಪೂರ್ಣವಾದ ಸಮಾಧಾನವಿಲ್ಲ. ಮೇಲಾಗಿ ಸಾಲವನ್ನು ಪಡೆದ ಮರಕ್ಕೆ ತೀರಿಸುವದೂ ಆಗದು. ಸುಲಿದ ತೊಗಟೆಯನ್ನು ಮರಳಿ ಅಂಟಿಸಿದವರಿಲ್ಲ. ತೀರಿಸುವದಾದರೆ ದಂಡೆಗೆ ತೀರಿಸಬೇಕು, ಇನ್ನೂ ಹುಟ್ಟದ ರೋಗಿಗೆ ತೀರಿಸಬೇಕು. ಹೊಳೆಮತ್ತಿಯು ತೊಗಟೆಯನ್ನು ಕೊಡುವಷ್ಟು ದೊಡ್ಡದಾಗುವದಕ್ಕೆ ವರ್ಷಗಳು ಬೇಕು. ತೆಗೆದುಕೊಂಡವನ ತಾಯಿಯು ಅಷ್ಟು ದಿನ ಇರಲಾರಳು. ಅವನೇ ಇರುವನೆಂಬ ಭರವಸೆಯೂ ಇಲ್ಲ. ಋಣವೆನ್ನುವದರಿಂದ ಕಳವಿನ ಕಲೆಯು ಹೋಗದು. ಅದನ್ನು ಮರೆಯಲು ಮಾತ್ರ ಬರುವದಿಲ್ಲ.

ಹೊಳೆಮತ್ತಿಯ ಕಾಯಿಗಳು ಬೇಸಿಗೆಯಲ್ಲಿ ಬಲಿತು ದಂಡೆಯ ಮೇಲೆ ಉದುರುವವು. ಅವುಗಳನ್ನು ಆಯ್ದು ಎರಡು ದಿನ ನೀರಿನಲ್ಲಿ ನೆನೆಯಿಸಿ ಪಾತಿಯಲ್ಲಿ ಹೂಳಿದರೂ ಮೊಳೆಯಲು ವಾರಗಳು ಬೇಕು. ಹಾಕಿದವೆಲ್ಲ ಮೊಳೆಯುವದೂ ಇಲ್ಲ. ಯಾರೂ ಆಯದಿದ್ದಲ್ಲಿ ಮುಂಗಾರಿನ ಮೊದಲ ಕೆಂಪು ನೀರು ಬಂದು ಅವುಗಳನ್ನು ಎತ್ತಿಕೊಂಡು ಹೋಗುವದು. 2019ರ ಆಗಸ್ಟಿನಂಥ ಮಹಾಪೂರವು ಬಂದರೆ ದಂಡೆಯೊಡನೆ ಹೊಲವೂ ಕೊಚ್ಚಿ ಹೋಗುವದುಂಟು. ಸಾಧಾರಣ ನೆರೆಯಲ್ಲಿ ಕಾಯಿಯು ತೇಲಿ, ತಿರುವಿನಲ್ಲಿ ಮೆಕ್ಕಲು ನಿಂತ ಕಡೆಗೆ ಸಿಕ್ಕಿಕೊಂಡು ಬೇರು ಬಿಡುವದು. ತುಂಗಭದ್ರೆಯ ಮರಳನ್ನು ಲಾರಿಗಳು ಹೊತ್ತು ಒಯ್ದ ಮಡುಗಳಲ್ಲಿ ಮೆಕ್ಕಲು ನಿಲ್ಲದು. ಆ ಮರಳು ಹಾವೇರಿ ರಾಣೆಬೆನ್ನೂರು ಬ್ಯಾಡಗಿಗಳ ಯಾವ ಮನೆಯ ಗೋಡೆಯಲ್ಲಿದೆಯೆಂಬದನ್ನು ಕೇಳಿದರೆ ಈ ಲೇಖವನ್ನು ಓದುವವರ ಮನೆಗಳೂ ಲೆಕ್ಕಕ್ಕೆ ಬರುವವು. ದಂಡೆಗೆ ಕುಡುಗೋಲನ್ನು ಹಿಡಿದು ಹೋದ ಆ ಮಗನು ಪಟ್ಟಿಯ ಪೂರ್ವದ ಅಂಚಿನಿಂದ ಒಂದು ಬೆರಳಗಲವನ್ನು ಮಾತ್ರ ತೆಗೆದುಕೊಂಡು, ಕೆಳಗೆ ಬಿದ್ದಿದ್ದ ಐದಾರು ಕಾಯಿಗಳನ್ನೂ ಧೋತರದ ಸೆರಗಿನಲ್ಲಿ ಕಟ್ಟಿಕೊಂಡು ಬಂದನೆಂದು ಭಾವಿಸೋಣ. ಕಷಾಯವು ಒಂದು ಹೊತ್ತಿಗೆ ಸಾಕಾದೀತು. ಕಾಯಿಗಳನ್ನು ನೆನೆಹಾಕುವದಕ್ಕೆ ತಾಯಿಯು ತಾನೇ ಒಂದು ಗಡಿಗೆಯನ್ನು ತೆಗೆದು ಕೊಟ್ಟಾಳು.